‘ನಾನು ಗೊಬ್ಬಿದೆ’: ಕಾಸರಗೋಡಿನ ಮಕ್ಕಳ ಡೈರಿಯ ಹಿಂದೆ ಒಂದು ಕಥೆ

ಇವತ್ತು ಮೊಟ್ಟೆ ಇತ್ತು. ಟೀಚರ್ ಎಲೆಯಲ್ಲಿ ಚಿಟ್ಟೆ ಮಾಡಿಸಿದರು. ಊಟ ಆದ ಮೇಲೆ ನಾನು ಗೊಬ್ಬಿದೆ.

ಇಷ್ಟೇ. ಮೂರು ಸಾಲು. ಪಕ್ಕದ ಮನೆಯ ಒಂದನೇ ಕ್ಲಾಸಿನ ಹುಡುಗಿ ತನ್ನ ಡೈರಿ ತಂದು ತೋರಿಸಿದಾಗ ಮೂರನೇ ಸಾಲಿಗೆ ಬರುವಷ್ಟರಲ್ಲಿ ನನಗೆ ನಗು ತಡೆಯಲಿಲ್ಲ. ತುಳುವಿನಲ್ಲಿ ‘ಗೊಬ್ಬು’ ಅಂದರೆ ಆಟ. ಅದಕ್ಕೆ ಕನ್ನಡದ ಬಾಲ ಅಂಟಿಸಿ ‘ಗೊಬ್ಬಿದೆ’ ಮಾಡಿದ್ದಾಳೆ. ಬೆಂಗಳೂರಿನವರು ಯಾರಾದರೂ ಓದಿದರೆ ಪಾಪ ಮಗು ತೋಟಕ್ಕೆ ಗೊಬ್ಬರ ಹಾಕಿರಬೇಕು ಎಂದುಕೊಂಡಾರು. ಕಾಸರಗೋಡಿನಲ್ಲಿ ಇದಕ್ಕೆ ಅರ್ಥ ಹೇಳುವ ಕೆಲಸ ಇಲ್ಲ.

ಪುಟವನ್ನು ಹತ್ತಿರ ಹಿಡಿದು ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ‘ಮೊ’ ಪೆನ್ಸಿಲಿನಲ್ಲಿದೆ, ‘ಟ್ಟೆ’ ನೀಲಿ ಪೆನ್ನಿನಲ್ಲಿದೆ. ಇದಕ್ಕೆ ಸಂಯುಕ್ತ ಡೈರಿ ಎಂದು ಹೆಸರು. ಕೇರಳದ ಶಾಲೆಗಳ ಒಂದನೇ ಕ್ಲಾಸಿನಲ್ಲಿ ಈಗ ಕೆಲವು ವರ್ಷಗಳಿಂದ ಇದೆ. ಮಗು ತನ್ನ ದಿನದ ಬಗ್ಗೆ ಪೆನ್ಸಿಲಿನಲ್ಲಿ ಬರೆಯಬೇಕು. ಬಾರದ ಅಕ್ಷರ ಬಂದರೆ ಮನೆಯವರು ಪೆನ್ನಿನಲ್ಲಿ ತುಂಬಬೇಕು. ತಿಂಗಳು ಕಳೆದ ಹಾಗೆ ಪೆನ್ನು ಕಮ್ಮಿಯಾಗಿ ಪೆನ್ಸಿಲ್ ಜಾಸ್ತಿಯಾಗುತ್ತದೆ. ಮಗು ಎಷ್ಟು ಕಲಿಯಿತು ಎಂದು ತಿಳಿಯಲು ಪರೀಕ್ಷೆ ಬೇಕಾಗಿಲ್ಲ, ಪುಟ ಮಗುಚಿದರೆ ಸಾಕು.

ನನಗೆ ಸ್ವಲ್ಪ ಹೊಟ್ಟೆಕಿಚ್ಚು ಆಯಿತು ಎಂದರೆ ಸುಳ್ಳಲ್ಲ. ನಾನು ಒಂದನೇ ಕ್ಲಾಸಿಗೆ ಸೇರಿದ್ದು 1984ರ ಜೂನ್‌ನಲ್ಲಿ. ಅದಕ್ಕೆ ಒಂದು ವಾರ ಮೊದಲಷ್ಟೇ, ಮೇ 24ಕ್ಕೆ, ಕಾಸರಗೋಡು ಹೊಸ ಜಿಲ್ಲೆಯಾಗಿತ್ತು. ಊರಿಗೆ ದೊಡ್ಡ ಸುದ್ದಿ. ನಮ್ಮ ಕ್ಲಾಸಿನಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ. ಮಾಷ್ಟ್ರು ಬೋರ್ಡಿನಲ್ಲಿ ಬರೆಯುತ್ತಿದ್ದರು, ನಾವು ನೋಡಿ ಬರೆಯುತ್ತಿದ್ದೆವು. ಮೇಲಿನ ಕ್ಲಾಸಿಗೆ ಹೋದಾಗ ಪ್ರಬಂಧ ಬಂತು. ‘ದನ’ ಬರೆದೆವು: ದನ ಒಂದು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ. ಆಮೇಲೆ ‘ನನ್ನ ಶಾಲೆ’ ಬರೆದೆವು. ‘ನಮ್ಮ ಶಾಲೆಯ ಎದುರು ವಿಶಾಲವಾದ ಆಟದ ಬಯಲಿದೆ’ ಎಂದು ಮೂವತ್ತು ಮಂದಿಯೂ ಒಂದೇ ಅಕ್ಷರ ಬಿಡದೆ ಬರೆದೆವು. ನಮ್ಮ ಶಾಲೆಯ ಎದುರು ಇದ್ದದ್ದು ಗೇರುಮರಗಳ ಅಡಿಯ ಒಂದು ಇಳಿಜಾರು. ಚೆಂಡು ಒಮ್ಮೆ ಉರುಳಿದರೆ ತೋಡಿನಲ್ಲೇ ಹುಡುಕಬೇಕು. ಆ ತೋಡು, ಆ ಚೆಂಡು ಯಾವ ಪ್ರಬಂಧದಲ್ಲೂ ಬರಲಿಲ್ಲ.

ಮಾಷ್ಟ್ರ ತಪ್ಪಲ್ಲ ಅದು. ಅವರು ಕಲಿತದ್ದೇ ಹಾಗೆ. ಅವರಿಗಿಂತ ಹಿಂದಿನವರು ಐಗಳ ಮಠದಲ್ಲಿ ಜಗಲಿಯ ಮೇಲೆ ಹೊಯ್ಗೆ ಹರಡಿ ಬೆರಳಿನಿಂದ ಅಕ್ಷರ ತಿದ್ದಿದವರು. ಮಗ್ಗಿ ಬಾಯಿಪಾಠ, ಕಾವ್ಯದ ಪದ್ಯ ಬಾಯಿಪಾಠ. ಮಗುವಿನ ಬಾಯಿಂದ ಬರಬೇಕಾದದ್ದು ಐಗಳು ಮೊದಲು ಹಾಕಿಕೊಟ್ಟದ್ದು ಮಾತ್ರ. ಆಮೇಲೆ ಮದರಾಸು ಸರ್ಕಾರದ ಕಾಲದಲ್ಲಿ ಬೋರ್ಡು ಶಾಲೆಗಳು ಬಂದವು, ಊರಿನ ಉಳ್ಳವರು ಮ್ಯಾನೇಜರರಾಗಿ ನಡೆಸುವ ಅನುದಾನಿತ ಶಾಲೆಗಳು ಬಂದವು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ಒಂದು ತಾಲೂಕು. ಅದೇ ಜಿಲ್ಲೆಯ ಪಂಜೆ ಮಂಗೇಶರಾಯರು (1874–1937) ಶಾಲೆಗಳ ತನಿಖೆಗೆ ತಿರುಗುವ ಕೆಲಸದಲ್ಲೂ ಇದ್ದವರು. ಮಕ್ಕಳಿಗೆ ಕುಣಿಯುವ ಹಾಗಿನ ಪದ್ಯ ಬರೆದುಕೊಟ್ಟರು. ಹಾಗಾಗಿ ಓದುವುದಕ್ಕಾದರೂ ನಮ್ಮ ಕಡೆಯ ಮಕ್ಕಳಿಗೆ ಬೇಗನೇ ಒಳ್ಳೆಯದು ಸಿಕ್ಕಿತು. ಬರೆಯುವುದಕ್ಕೆ ಬಹಳ ಕಾಲ ಕಾಯಬೇಕಾಯಿತು.

ಕಾಸರಗೋಡು, ಮಂಜೇಶ್ವರದ ಕಡೆ ಹೋದರೆ ಶಾಲೆಯ ಬೋರ್ಡುಗಳನ್ನು ಗಮನಿಸಿ. ಎ.ಜೆ.ಬಿ., ಜಿ.ಜೆ.ಬಿ., ಎ.ಎಸ್.ಬಿ. ಎಂದೆಲ್ಲ ಇರುತ್ತದೆ. ಎ ಅಂದರೆ ಏಡೆಡ್, ಜಿ ಅಂದರೆ ಗವರ್ನಮೆಂಟ್, ಜೆ ಮತ್ತು ಎಸ್ ಎಂದರೆ ಜೂನಿಯರ್ ಮತ್ತು ಸೀನಿಯರ್. ಬಿ? ಹೆಚ್ಚಿನ ಮಕ್ಕಳಿಗೆ ಗೊತ್ತಿಲ್ಲ, ಕೆಲವು ಟೀಚರ್‌ಗಳಿಗೂ ಗೊತ್ತಿಲ್ಲ. ಅದು ‘ಬೇಸಿಕ್’. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣದ ಹೆಸರು. ಕೈಕೆಲಸದ ಮೂಲಕವೇ ಪಾಠ ಆಗಬೇಕು, ನೂಲುವಾಗ ಲೆಕ್ಕ ಬರಬೇಕು, ತರಕಾರಿ ಬೆಳೆಯುವಾಗ ವಿಜ್ಞಾನ ಬರಬೇಕು ಎನ್ನುವುದು ಅದರ ಆಸೆ. ತಕಲಿ ಹೋಯಿತು, ನೂಲು ಹೋಯಿತು, ಬೋರ್ಡಿನಲ್ಲಿ ಒಂದು ಅಕ್ಷರ ಉಳಿಯಿತು. ಈಗ ‘ಚಟುವಟಿಕೆ’ ಎಂದು ನಾವು ಹೊಸದಾಗಿ ಕರೆಯುವುದಕ್ಕೆ ಅಜ್ಜ ಅದು.

ಅದರ ನಡುವೆ ಇನ್ನೊಂದು ಪ್ರಯೋಗವೂ ಆಯಿತು. 1953ರಲ್ಲಿ ರಾಜಾಜಿ ಮುಖ್ಯಮಂತ್ರಿಯಾಗಿದ್ದಾಗ ಮದರಾಸು ರಾಜ್ಯದ ಹಳ್ಳಿ ಶಾಲೆಗಳ ಪಾಠವನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿದರು. ಉಳಿದ ಹೊತ್ತು ಮಗು ಮನೆಯವರ ಕೆಲಸ ಕಲಿಯಲಿ ಎಂದರು. ಅಂದರೆ ಕುಂಬಾರನ ಮಗ ಮಡಕೆ, ಗೇಣಿಗೆ ಗದ್ದೆ ಮಾಡುವವನ ಮಗ ಗದ್ದೆ. ಜಾತಿಯ ಕಸುಬಿಗೇ ಮಕ್ಕಳನ್ನು ಕಟ್ಟಿಹಾಕುವ ಯೋಜನೆ ಇದು ಎಂದು ದೊಡ್ಡ ಗಲಾಟೆಯಾಗಿ 1954ರಲ್ಲಿ ಕಾಮರಾಜರು ಅದನ್ನು ಕೈಬಿಟ್ಟರು. ಮಗುವಿನ ಮನೆ ಮತ್ತು ಶಾಲೆಯನ್ನು ಜೋಡಿಸುವುದು ಒಳ್ಳೆಯದೇ. ಯಾರ ಮನೆ, ಯಾತಕ್ಕೆ ಜೋಡಿಸುವುದು ಎಂದು ಕೇಳದಿದ್ದರೆ ಹೀಗಾಗುತ್ತದೆ.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಮುಂದಿನದ್ದು ಎಲ್ಲರಿಗೂ ಗೊತ್ತಿರುವ ಕಥೆ: ಕರ್ನಾಟಕಕ್ಕೆ ಸೇರಬೇಕೆಂಬ ಹೋರಾಟ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಎಂದ ಮಹಾಜನ ಆಯೋಗದ 1967ರ ವರದಿ, ಅದು ಜಾರಿಯಾಗದೆ ಉಳಿದದ್ದು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳಿಗೆ (1915–2015) ಕ್ಲಾಸೂ ಹೋರಾಟವೂ ಬೇರೆ ಬೇರೆ ಆಗಿರಲಿಲ್ಲ. ಆದರೆ ಒಂದು ವಿಷಯ ಹೆಚ್ಚು ಚರ್ಚೆಗೆ ಬರುವುದಿಲ್ಲ. ರಾಜ್ಯಗಳ ಗಡಿ ಬದಲಾದ ಅದೇ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ ಅದು. ನಮ್ಮ ಕನ್ನಡ ಶಾಲೆಗಳಿಗೆ ಅದೇ ಬೇರು.

ಮಾತೃಭಾಷೆ ಎಂದ ಕೂಡಲೇ ಇಲ್ಲಿ ಸ್ವಲ್ಪ ನಿಲ್ಲಬೇಕು. ಕನ್ನಡ ಶಾಲೆಯ ಒಂದು ಬೆಂಚಿನಲ್ಲಿ ನಾಲ್ಕು ಮಕ್ಕಳು ಕೂತರೆ ಒಬ್ಬಳ ಮನೆಯಲ್ಲಿ ತುಳು, ಒಬ್ಬನ ಮನೆಯಲ್ಲಿ ಹವ್ಯಕ ಕನ್ನಡ, ಇನ್ನೊಬ್ಬಳದು ಕೊಂಕಣಿಯೋ ಕರಾಡ ಮರಾಠಿಯೋ, ಮತ್ತೊಬ್ಬನದು ಬ್ಯಾರಿ ಅಥವಾ ಮಲಯಾಳ. ಪುಸ್ತಕದ ಕನ್ನಡ ಇವರಲ್ಲಿ ಯಾರ ಅಮ್ಮನ ಮಾತೂ ಅಲ್ಲ. ಆದರೂ ನಾಲ್ವರೂ ಬರೆಯುವುದು ಕನ್ನಡದಲ್ಲಿ. ನಮ್ಮ ಭಾಷಣಗಳಲ್ಲಿ ‘ಸಪ್ತಭಾಷಾ ಸಂಗಮ’ ಎಂದು ಹೆಮ್ಮೆಯಿಂದ ಹೇಳುತ್ತೇವಲ್ಲ, ಅದರ ನಿಜವಾದ ಕಷ್ಟಸುಖ ಗೊತ್ತಿರುವುದು ಒಂದನೇ ಕ್ಲಾಸಿನ ಟೀಚರಿಗೆ.

ಬದಲಾವಣೆ ಬಂದದ್ದು ಡಿಪಿಇಪಿ ಜೊತೆ. ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ. ಕೇರಳದಲ್ಲಿ 1994ರ ಸುಮಾರಿಗೆ ಮೊದಲು ಆರಿಸಿದ ಮೂರು ಜಿಲ್ಲೆಗಳಲ್ಲಿ ಮಲಪ್ಪುರ, ವಯನಾಡು ಜೊತೆ ಕಾಸರಗೋಡೂ ಇತ್ತು. ಆ ದಶಕದ ಕೊನೆಯ ಹೊತ್ತಿಗೆ ಕ್ಲಾಸು ಗುರುತು ಸಿಗದ ಹಾಗಾಯಿತು. ಬೆಂಚು ಸಾಲು ಹೋಗಿ ಮಕ್ಕಳು ಗುಂಪು ಗುಂಪಾಗಿ ಕೂತರು. ಚಾರ್ಟ್ ಪೇಪರ್, ಸ್ಕೆಚ್ ಪೆನ್ನು, ಹಾಡು, ಕುಣಿತ. ‘ನೀನು ನೋಡಿದ್ದನ್ನು ಹೇಳು’ ಎಂದು ಮಗುವಿಗೆ ಹೇಳುವ ಪದ್ಧತಿ ಶುರುವಾಯಿತು. ಮೊದಲು ಅಕ್ಷರ, ಆಮೇಲೆ ಶಬ್ದ ಎನ್ನುವ ಹಳೆಯ ಕ್ರಮ ತಲೆಕೆಳಗಾಗಿ ಮಾತಿನಿಂದ ಅಕ್ಷರಕ್ಕೆ ಬರುವ ಕ್ರಮ ಬಂತು.

ಮನೆಯವರು ಸುಮ್ಮನಿರುತ್ತಾರಾ? ‘ಶಾಲೆಯಲ್ಲಿ ಬರೀ ಕುಣಿತ, ಮಗುವಿಗೆ ಮಗ್ಗಿ ಬರುವುದಿಲ್ಲ, ಅಕ್ಷರ ಬರುವುದಿಲ್ಲ’ ಎಂದು ಬೈದರು. ಕೇರಳದಲ್ಲಿ ಡಿಪಿಇಪಿ ಎನ್ನುವುದೇ ಒಂದು ಬೈಗಳಾಗಿತ್ತು ಕೆಲವು ವರ್ಷ. ಆ ಸಿಟ್ಟಿನಲ್ಲಿ ಸತ್ಯ ಇರಲಿಲ್ಲ ಎಂದು ನಾನು ಹೇಳಲಾರೆ. ಮಲಯಾಳ ಪಠ್ಯಪುಸ್ತಕದಿಂದ ಹೊರಗೆ ಹೋದ ಅಕ್ಷರಮಾಲೆ ವಾದವಿವಾದ ಆಗಿ 2022ರಲ್ಲಿ ವಾಪಸು ಬಂತಲ್ಲ. ಆದರೆ ಆಟದ ಬಯಲೇ ಇಲ್ಲದ ಶಾಲೆಯ ಮಗು ‘ವಿಶಾಲವಾದ ಬಯಲಿದೆ’ ಎಂದು ಬರೆಯುವುದು ನಿಂತದ್ದೂ ಆಗಲೇ.

ಈ ಪದ್ಧತಿಯಲ್ಲಿ ಒಂದು ತಮಾಷೆಯ ಘಟ್ಟ ಇದೆ, ‘ಟೀಚರ್ ವರ್ಷನ್’ ಎಂದು. ಮಕ್ಕಳು ಗುಂಪಿನಲ್ಲಿ ಬರೆದದ್ದನ್ನು ಚಾರ್ಟಿನಲ್ಲಿ ತೂಗುಹಾಕುತ್ತಾರೆ. ಆಮೇಲೆ ಟೀಚರ್ ತಾವು ಬರೆದದ್ದನ್ನು ಪಕ್ಕದಲ್ಲಿ ಹಾಕುತ್ತಾರೆ. ಕೆಂಪು ಗೆರೆ ಇಲ್ಲ. ಎರಡನ್ನೂ ನೋಡಿ ಮಕ್ಕಳೇ ತಿದ್ದಿಕೊಳ್ಳಬೇಕು. ಕಾಸರಗೋಡಿನಲ್ಲಿ ಇದು ಸುಲಭ ಅಲ್ಲ. ಮಗು ಬರೆದದ್ದು ತಪ್ಪಾ, ಇಲ್ಲ ಅದರ ಮನೆಯ ಮಾತಾ ಎಂದು ಟೀಚರಿಗೆ ಗೊತ್ತಾಗಬೇಕು. ‘ಗೊಬ್ಬಿದೆ’ಯನ್ನು ‘ಆಡಿದೆ’ ಮಾಡಿಸಬೇಕಾದರೆ ತುಳುವೂ ಗೊತ್ತಿರಬೇಕು, ಕನ್ನಡವೂ ಗೊತ್ತಿರಬೇಕು. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದ ಟೀಚರ್ ಬಂದಾಗ ಇಲ್ಲಿ ಮಕ್ಕಳೂ ಹೆತ್ತವರೂ ಬೀದಿಗೆ ಇಳಿದದ್ದು ಅದಕ್ಕೇ. ಹೊರಗಿನವರಿಗೆ ಅದು ಬರೀ ಭಾಷಾಭಿಮಾನದ ಗಲಾಟೆ ಎಂದು ಕಾಣಬಹುದು. ಟೀಚರಿಗೆ ಕೇಳಲಾಗದ ಭಾಷೆಯಲ್ಲಿ ಮಗು ಏನನ್ನೂ ಹೇಳಿಕೊಳ್ಳುವುದಿಲ್ಲ, ಅಷ್ಟೇ ವಿಷಯ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಮಲಯಾಳ ಕಡ್ಡಾಯ ಎಂಬ ಕಾನೂನು 2017ರಲ್ಲಿ ಬಂದಾಗಲೂ ಹೆದರಿಕೆ ಅದೇ ಆಗಿತ್ತು. ಮಲಯಾಳ ಕಲಿಯುವುದಕ್ಕೆ ಇಲ್ಲಿಯ ಮಕ್ಕಳಿಗೆ ಬೇಜಾರಿಲ್ಲ, ಪೇಟೆಗೆ ಹೋದರೆ ಅರ್ಧ ಮಾತು ಅದೇ.

ಇನ್ನು ಆಟ. ಮೆಚ್ಚಿನ ಆಟ ಯಾವುದು ಎಂದು ಕೇಳಿದರೆ ಈಗಿನ ಮಕ್ಕಳು ಮೊದಲು ಹೇಳುವುದು ಮೊಬೈಲ್, ಆಮೇಲೆ ಕ್ರಿಕೆಟ್. ಎರಡು ನಿಮಿಷ ಬಿಟ್ಟು ಕೇಳಿದರೆ ಬೇರೆ ಪಟ್ಟಿ ಹೊರಗೆ ಬರುತ್ತದೆ. ತೆಂಗಿನ ಕೊತ್ತಳಿಗೆಯ ಬ್ಯಾಟು. ಕುಟ್ಟಿದೊಣ್ಣೆ, ಲಗೋರಿ. ಅಡಿಕೆ ಹಾಳೆಯ ಮೇಲೆ ಒಬ್ಬ ಕೂತು ಇನ್ನೊಬ್ಬ ಎಳೆಯುವುದು. ಅದೇ ಹಾಳೆಯನ್ನು ಕತ್ತರಿಸಿ ಕಿರೀಟ ಮಾಡಿ ಯಕ್ಷಗಾನ ಕುಣಿಯುವುದು. ಯಕ್ಷಗಾನದ ಕವಿ ಕುಂಬಳೆಯ ಪಾರ್ತಿಸುಬ್ಬನ ಊರಲ್ಲವಾ ಇದು! ಆ ಹಾಳೆ ಕಿರೀಟದ ಆಟವೇ ಬೆಳೆದು ಶಾಲಾ ಕಲೋತ್ಸವದ ವೇದಿಕೆಗೆ ಬರುತ್ತದೆ. ಕೇರಳದ ಕಲೋತ್ಸವದಲ್ಲಿ ದೊಡ್ಡ ಕ್ಲಾಸಿನವರಿಗೆ ಯಕ್ಷಗಾನವೂ ಒಂದು ಸ್ಪರ್ಧೆ. ಸಣ್ಣವರು ಉಪಜಿಲ್ಲೆಯಲ್ಲಿ ಕನ್ನಡ ಪದ್ಯ ಹೇಳಿ ಕಪ್ ಹಿಡಿದುಕೊಂಡು ಬರುತ್ತಾರೆ.

ಆಟಿ ತಿಂಗಳ ಮಳೆಗೆ ಹೊರಗೆ ಕಾಲಿಡಲಾಗದಾಗ ಚೆನ್ನೆಮಣೆ. ಎರಡು ಸಾಲಿನಲ್ಲಿ ಏಳೇಳು ಗುಂಡಿ, ಗುಂಡಿಗೆ ನಾಲ್ಕು ಕಾಯಿ, ಒಟ್ಟು 56. ಒಂದು ಗುಂಡಿಯದ್ದನ್ನು ತೆಗೆದು ಮುಂದಿನ ಗುಂಡಿಗಳಿಗೆ ಒಂದೊಂದೇ ಹಂಚುತ್ತ ಹೋಗಬೇಕು. ಕೊನೆಯ ಕಾಯಿ ಎಲ್ಲಿ ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕುವವನು ಗೆಲ್ಲುತ್ತಾನೆ. ಗಣಿತ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಾನು ಬೇಕಾ? ಈಗ ಕೆಲವು ಟೀಚರ್‌ಗಳು ಚೆನ್ನೆಮಣೆಯನ್ನು ಕ್ಲಾಸಿಗೇ ತರುತ್ತಾರೆ. ಒಂದು ಸಮಸ್ಯೆ ಇದೆ. ಅಕ್ಕ ತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದು ಎಂದು ಅಜ್ಜಿಯಂದಿರು ಇಂದಿಗೂ ಹೇಳುತ್ತಾರೆ. ತುಳುವಿನಲ್ಲಿ ಬಾಯಿಂದ ಬಾಯಿಗೆ ಹಾಡಿಕೊಂಡು ಬಂದ ಸಿರಿ ಪಾಡ್ದನದ ಅಬ್ಬಗ-ದಾರಗ ಎಂಬ ಅವಳಿಗಳು ಚೆನ್ನೆ ಆಡುವಾಗ ಜಗಳವಾಗಿ ಇಬ್ಬರೂ ಸತ್ತದ್ದು ಇಲ್ಲಿ ಬರೀ ಕಥೆಯಲ್ಲ. ಒಂದೇ ಕ್ಲಾಸಿನಲ್ಲಿ ಅವಳಿಗಳಿದ್ದರೆ ಟೀಚರ್ ಅವರನ್ನು ಬೇರೆ ಬೇರೆ ಗುಂಪಿಗೆ ಹಾಕುವುದು ಒಳ್ಳೆಯದು!

2020ರ ಜೂನ್ 1ಕ್ಕೆ ಶಾಲೆ ತೆರೆಯಲಿಲ್ಲ, ಕೇರಳದ ಶಿಕ್ಷಣ ಚಾನೆಲ್ ವಿಕ್ಟರ್ಸ್‌ನಲ್ಲಿ ‘ಫಸ್ಟ್ ಬೆಲ್’ ಎಂಬ ಟಿವಿ ಪಾಠದ ಬೆಲ್ ಹೊಡೆಯಿತು. ಮುಂದೆ ಕನ್ನಡ ಪಾಠಗಳೂ ಬಂದವು. ಆ ಲಾಕ್‌ಡೌನಿನಲ್ಲೇ ಮಕ್ಕಳ ಬರಹ ಸೇರಿಸಲು ‘ಅಕ್ಷರವೃಕ್ಷ’ ಎಂಬ ಯೋಜನೆ ಬಂತು. ಕೇರಳದ ಮಕ್ಕಳಿಂದ ಕಥೆ, ಕವಿತೆ, ಲೇಖನ ರಾಶಿ ಬಿತ್ತು. ವಿಷಯ ಮಾತ್ರ ಮೊದಲೇ ಕೊಟ್ಟಿದ್ದರು: ಪರಿಸರ, ಶುಚಿತ್ವ, ರೋಗ ತಡೆ. ಕೇಳಿದಾಗ ನನಗೆ ನೆನಪಾದದ್ದು ನಮ್ಮ ಹಳೆಯ ದನ. ಮನೆಯಲ್ಲಿ ಕೂಡಿಹಾಕಿದ ಮಗುವಿಗೆ ಹೇಳಲು ಎಷ್ಟೊಂದು ಇತ್ತು. ಬರೆಸಿದ್ದು ಕೈ ತೊಳೆಯುವುದರ ಬಗ್ಗೆ.

ಸಂಯುಕ್ತ ಡೈರಿ ಹಾಗಲ್ಲ. ಅದರಲ್ಲಿ ವಿಷಯ ಮಗುವಿನದ್ದೇ. ಕಷ್ಟ ಇರುವುದು ಪೆನ್ನಿನ ಕಡೆ. ಇಲ್ಲಿಯ ಎಷ್ಟೋ ಅಮ್ಮಂದಿರು ಕಲಿತದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ, ಇಲ್ಲವೇ ಮಲಯಾಳದಲ್ಲಿ. ಮಗುವಿಗೆ ಬಾರದ ಒತ್ತಕ್ಷರ ಅಮ್ಮನಿಗೂ ಬರುವುದಿಲ್ಲ. ಪಕ್ಕದ ಮನೆಯ ಹುಡುಗಿಯ ಅಮ್ಮ ಮೊದಲೆರಡು ತಿಂಗಳು ವಾಟ್ಸಾಪಿನಲ್ಲಿ ಟೀಚರನ್ನು ಕೇಳಿ ಕೇಳಿ ಬರೆದಳು. ಈಗ ರಾತ್ರಿ ಊಟ ಆದ ಮೇಲೆ ಅಮ್ಮನೂ ಮಗಳೂ ಒಟ್ಟಿಗೆ ತಿದ್ದುತ್ತಾರೆ.

‘ಗೊಬ್ಬಿದೆ’ ಅಲ್ಲ ಮಗಳೇ, ‘ಆಡಿದೆ’ ಎಂದು ನಾನು ಹೇಳಿ ನೋಡಿದೆ. ಅವಳು ತಲೆ ಅಲ್ಲಾಡಿಸಿದಳು. ಟೀಚರ್ ಆಡಿಸುವುದು ಆಟವಂತೆ. ಊಟ ಆದ ಮೇಲೆ ತಾವೇ ಮಾಡುವುದು ಗೊಬ್ಬಂತೆ. ಅವೆರಡೂ ಒಂದೇ ಅಲ್ಲವಂತೆ.

ನಾನು ಪುಟ ಹಿಂದೆ ಮುಂದೆ ಮಗುಚಿದೆ. ಓಣಂ ರಜೆಯ ಮುಂಚಿನ ದಿನ ಹೂವಿನ ಪೂಕಳಂ ಚಿತ್ರ ಇದೆ, ಕೆಳಗೆ ‘ಮಾವೇಲಿ ಬಂದ. ಪಾಯಸ ಇತ್ತು.’ ದೀಪಾವಳಿಯ ಪುಟದಲ್ಲಿ ಒಂದು ಕಂಬ, ಅದರ ಮೇಲೆ ದೀಪ, ಪಕ್ಕದಲ್ಲಿ ಪಂಚೆ ಉಟ್ಟ ಅಜ್ಜ. ನಮ್ಮ ಕಡೆ ಆ ರಾತ್ರಿ ಹಾಲೆಮರದ ಕಂಬ ನೆಟ್ಟು ದೀಪ ಇಟ್ಟು, ‘ಕೂ’ ಹಾಕಿ ಬಲೀಂದ್ರನನ್ನು ಕರೆಯುತ್ತಾರೆ. ಎರಡು ಹಬ್ಬಕ್ಕೂ ಬರುವ ಬಲಿರಾಜ ಒಬ್ಬನೇ ಎಂದು ಅವಳಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಚಿತ್ರದ ಕೆಳಗೆ ಬರೆದಿದ್ದಾಳೆ, ಒಂದು ಅಕ್ಷರವೂ ಪೆನ್ನಿನದ್ದಲ್ಲ: ‘ಅಜಜ ಮಾವೇಲಿಯನು ಪುನಾ ಕರೆದರು.’

ಕೆಳಗೆ ಟೀಚರ್ ಒಂದು ನಕ್ಷತ್ರ ಹಾಕಿದ್ದಾರೆ.