ಬೂದಿಕೋಟೆಯ ರೇಡಿಯೊದಿಂದ ವಾಟ್ಸಾಪ್‌ವರೆಗೆ: ಮಾಧ್ಯಮ ಸಾಕ್ಷರತೆ ನಡೆದು ಬಂದ ದಾರಿ

ಮಾಧ್ಯಮ ಸಾಕ್ಷರತೆ, ಅಂದರೆ ಸುದ್ದಿಯನ್ನು ತೂಗಿ ನೋಡುವ ಕಲಿಕೆ, ಅಂದ ಕೂಡಲೇ ಈಗ ನೆನಪಾಗುವುದು ವಾಟ್ಸಾಪ್. ಬಂದದ್ದನ್ನೆಲ್ಲ ಫಾರ್ವರ್ಡ್ ಮಾಡಬೇಡಿ, ಫೋಟೋ ಹಳೆಯದಾ ನೋಡಿ, ಅಷ್ಟೇ. ಈ ಎಚ್ಚರಿಕೆ ಬೇಕೇ ಬೇಕು. 2012ರ ಆಗಸ್ಟ್‌ನಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದರು. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಬೀದರ್ ಜಿಲ್ಲೆಯ ಮುರ್ಕಿಯಲ್ಲೂ ಜೀವ ತೆಗೆಯಿತು. ಮೊದಲ ಸಲ ಒಟ್ಟಿಗೆ ಐದಕ್ಕಿಂತ ಜಾಸ್ತಿ ಎಸ್‌ಎಂಎಸ್ ಕಳಿಸದಂತೆ ಕೆಲವು ದಿನ ತಡೆ ಬಿತ್ತು, ಎರಡನೇ ಸಲ ವಾಟ್ಸಾಪ್‌ನಲ್ಲಿ ಐದೇ ಚಾಟ್‌ಗೆ ಫಾರ್ವರ್ಡ್ ಅಂತಾಯಿತು.

ಜನರಿಗೆ ಸುದ್ದಿಯನ್ನು ತೂಗಿ ನೋಡಲು ಕಲಿಸುವ ಕೆಲಸ ನಮ್ಮಲ್ಲಿ ವಾಟ್ಸಾಪ್‌ಗಿಂತ ಮುಂಚೆಯೇ, ಹಳ್ಳಿಯ ರೇಡಿಯೊದಲ್ಲಿ, ಶುರುವಾಗಿತ್ತು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು, ಸ್ವಾತಂತ್ರ್ಯದ ನಂತರ ದಶಕಗಟ್ಟಲೆ ರೇಡಿಯೊ ಸರ್ಕಾರದ ಕೈಲಿತ್ತು, 1995ರಲ್ಲಿ ಸುಪ್ರೀಂ ಕೋರ್ಟ್ ರೇಡಿಯೊ ತರಂಗ ಸಾರ್ವಜನಿಕರ ಆಸ್ತಿ ಅಂದಿತು. ಆದರೂ ಹಳ್ಳಿಯ ಜನಕ್ಕೆ ರೇಡಿಯೊ ನಡೆಸುವ ಲೈಸೆನ್ಸ್ ಸಿಗಲಿಲ್ಲ.

ಆ ಹೊತ್ತಿಗೆ, 2001ರಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ರೇಡಿಯೊ, ಅಂದರೆ ಊರಿನವರೇ ನಡೆಸುವ ರೇಡಿಯೊ, ಶುರುವಾಯಿತು. ಹೈದರಾಲಿ ಹುಟ್ಟಿದ ಊರು ಅಂತ ಹೆಸರಾದ ಹಳ್ಳಿ ಅದು. ಮೈರಾಡ, ವಾಯ್ಸಸ್ ಎಂಬ ಸ್ವಯಂಸೇವಾ ಸಂಸ್ಥೆಗಳು ಜೊತೆಗಿದ್ದವು, ಯುನೆಸ್ಕೊ ನೆರವು ಕೊಟ್ಟಿತು. ಸ್ತ್ರೀಶಕ್ತಿ ಸಂಘಗಳಂಥ ಸ್ವಸಹಾಯ ಗುಂಪಿನ ಹೆಂಗಸರು, ಊರಿನ ಹುಡುಗ ಹುಡುಗಿಯರು ರೆಕಾರ್ಡಿಂಗ್ ಕಲಿತರು. ಪ್ರಸಾರ ಮಾಡುವ ಹಾಗಿರಲಿಲ್ಲ, ಹಾಗಾಗಿ ಕಾರ್ಯಕ್ರಮಗಳನ್ನು ಸಂಘದ ಸಭೆಗಳಲ್ಲಿ ಹಾಕಿ ಕೇಳಿಸಿದರು. ಆಮೇಲೆ ಕೇಬಲ್ ತಂತಿಯ ಮೂಲಕ ಮನೆಗಳಿಗೆ ಮುಟ್ಟಿಸಿದರು.

ಒಮ್ಮೆ ಊರಲ್ಲಿ ಕುಡಿಯುವ ನೀರಿಗೆ ಪರದಾಟ. ಹೆಂಗಸರ ದೂರನ್ನು ಅವರದೇ ಮಾತಲ್ಲಿ ರೆಕಾರ್ಡ್ ಮಾಡಿ ಕೇಳಿಸಿದರು. ಪಂಚಾಯಿತಿಯವರು ಪೈಪ್ ರಿಪೇರಿ ಮಾಡಿಸಿದರು, ಟ್ಯಾಂಕ್ ತೊಳೆಸಿದರು, ನಲ್ಲಿಗೆ ನೀರು ಬಂತು.

ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ನೀರಿಗಿಂತ ಅದಕ್ಕೂ ಮುಂಚೆ ಆದ ಕಲಿಕೆ. ಕಾರ್ಯಕ್ರಮ ಮಾಡುವವರು ಯಾರನ್ನು ಕೇಳಬೇಕು, ಯಾರ ಮಾತು ಇಟ್ಟುಕೊಳ್ಳಬೇಕು, ಯಾವುದನ್ನು ಕತ್ತರಿಸಬೇಕು ಅಂತ ತಾವೇ ತೀರ್ಮಾನ ಮಾಡಬೇಕು. ಅದನ್ನು ಕೈಯಾರೆ ಮಾಡಿದವರು ಟಿ.ವಿ. ಸುದ್ದಿ ನೋಡುವಾಗಲೂ ಇದರಲ್ಲಿ ಏನು ಬಿಟ್ಟಿದ್ದಾರೆ ಅಂತ ಕೇಳುತ್ತಾರೆ, ಅಲ್ವಾ? ಅಂಥವರು ಗ್ರಾಮಸಭೆಯಲ್ಲಿ ಸುಮ್ನೆ ಕೂರುವುದು ಕಷ್ಟ.

2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೊ ಬಾಗಿಲು ತೆರೆಯಿತು. ಮಂಗಳೂರಿನಲ್ಲಿ ಸಾರಂಗ್, ಸರಗೂರಿನಲ್ಲಿ ಜನಧ್ವನಿ ಬಂದವು. ಆದರೆ ಸ್ವಂತ ಸುದ್ದಿ ಹೇಳುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಕೇಳಿಸಬಹುದು. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬಂತು. ರೆಕಾರ್ಡ್ ಮಾಡುವ ಯಂತ್ರ ಜೇಬಲ್ಲೇ ಇದೆ, ಅದನ್ನು ಬಳಸುವ ಆ ನಿಧಾನದ ಕಲಿಕೆ ಮಾತ್ರ ಹಿಂದೆ ಬಿತ್ತು. ನಮ್ಮ ತರಬೇತಿಗಳು 'ಇದನ್ನು ಮಾಡಬೇಡಿ' ಎನ್ನುವಲ್ಲಿಗೇ ನಿಂತವು.

ಈಗ ಪಂಚಾಯಿತಿಗಳಲ್ಲಿ ಅರಿವು ಕೇಂದ್ರ ಎಂಬ ಗ್ರಂಥಾಲಯಗಳಿವೆ, ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಸುಳ್ಳು ಸುದ್ದಿಯ ಪಾಠದ ಜೊತೆಗೆ, ಶಾಲೆಯ ದಾರಿಯ ಬೀದಿದೀಪ ಯಾಕೆ ಉರಿಯುತ್ತಿಲ್ಲ ಅಂತ ಅಕ್ಕಪಕ್ಕದವರನ್ನೂ ಪಿಡಿಒ ಅವರನ್ನೂ ಮಕ್ಕಳಿಂದಲೇ ಕೇಳಿಸಿ, ಇಬ್ಬರ ಉತ್ತರವನ್ನೂ ಫೋನಲ್ಲಿ ರೆಕಾರ್ಡ್ ಮಾಡಿಸಿ, ಆ ಸಭೆಯಲ್ಲೇ ಕೇಳಿಸಬಹುದು.