ಮಗುವಿನ ನೆನಪು ಮಾಗುವ ಬಗೆ

ಎರಡು ವರ್ಷದ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಬಾದಾಮಿಯ ಬನಶಂಕರಿ ತೇರು ತೋರಿಸಿದರೆ, ಮುಂದೆ ಎಷ್ಟೋ ದಿನ ಅದಕ್ಕೆ ತೇರಿನದೇ ಮಾತು. ಹತ್ತನೇ ವಯಸ್ಸಿಗೆ ಕೇಳಿದರೆ ಸುಳಿವೂ ಇರುವುದಿಲ್ಲ. ನೆನಪು ಮೂಡಿತ್ತು, ಉಳಿಯಲಿಲ್ಲ.

ನೆನಪು ಮಿದುಳಿನಲ್ಲಿ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬ ದೊಡ್ಡ ಸುಳಿವು ಸಿಕ್ಕಿದ್ದು 1953ರಲ್ಲಿ. ಮೂರ್ಛೆರೋಗ ತಡೆಯಲೆಂದು ಅಮೆರಿಕದ ಹೆನ್ರಿ ಮೊಲೈಸನ್ ಅವರ ಮಿದುಳಿನ ಎರಡೂ ಬದಿಯಿಂದ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದರು. ಕಣತಲೆಯ ಒಳಬದಿಯಲ್ಲಿರುವ ಈ ಭಾಗ ಹೋದ ಮೇಲೆ ಹೊಸ ಘಟನೆ ಯಾವುದೂ ಅವರಲ್ಲಿ ನಿಲ್ಲಲಿಲ್ಲ. 1997ರಲ್ಲಿ ಲಂಡನ್ನಿನ ಫರಾನೆ ವರ್ಗಾ-ಖದೇಮ್ ತಂಡ ಎಳವೆಯಲ್ಲೇ ಹಿಪೊಕ್ಯಾಂಪಸ್‌ಗೆ ಪೆಟ್ಟಾದ ಮೂವರನ್ನು ಪರೀಕ್ಷಿಸಿತು. ಅವರು ಓದು, ಮಾತು, ಸಾಮಾನ್ಯ ಜ್ಞಾನ ಕಲಿತಿದ್ದರು. ಆ ದಿನ ನಡೆದದ್ದನ್ನು ಮಾತ್ರ ಹೇಳಲಾರದೆ ಹೋದರು. ತಿಳಿವಳಿಕೆ ಬೇರೆ, ನಡೆದದ್ದರ ನೆನಪು ಬೇರೆ ಎಂಬುದು ಇಲ್ಲಿ ಚೊಕ್ಕವಾಗಿ ಕಂಡಿತು.

ಹಾಗಾದರೆ ಕೂಸಿನ ಹಿಪೊಕ್ಯಾಂಪಸ್ ಕೆಲಸವನ್ನೇ ಮಾಡದೇ? ಮಾಡುತ್ತದೆ, ಆದರೆ ಇನ್ನೂ ಬದಲಾಗುತ್ತಿರುತ್ತದೆ. 2014ರಲ್ಲಿ ಟೊರಾಂಟೊದ ಪ್ರಯೋಗದಲ್ಲಿ, ಮರಿ ಇಲಿಗಳಲ್ಲಿ ಹೊಸ ನರಕೋಶಗಳ ಹುಟ್ಟನ್ನು ತಗ್ಗಿಸಿದಾಗ ಮರೆವು ಕಡಿಮೆಯಾಯಿತು. ಹೊಸ ಕೋಶಗಳು ಹಳೆಯ ಜೋಡಣೆಯನ್ನು ಕದಡುತ್ತವೆ ಎಂಬುದು ಅದರ ವಿವರಣೆ. ಮಕ್ಕಳಲ್ಲೂ ಹೀಗೇ ಎಂದು ಇದರಿಂದ ತೀರ್ಮಾನಿಸಲಾಗದು. ಮನುಷ್ಯರ ಎಂಆರ್‌ಐ ಅಧ್ಯಯನವೊಂದರಲ್ಲಿ (2006) 4ರಿಂದ 25 ವರ್ಷದವರೆಗೆ ಹಿಪೊಕ್ಯಾಂಪಸ್‌ನ ಒಟ್ಟು ಗಾತ್ರ ಹೆಚ್ಚುಕಡಿಮೆ ಅಷ್ಟೇ ಇತ್ತು. ಒಳಗೆ ಹಿಂಭಾಗ ಬೆಳೆದಿತ್ತು, ಮುಂಭಾಗ ಕುಗ್ಗಿತ್ತು.

ತಡವಾಗಿ ಮಾಗುವುದು ಹಣೆಯ ಹಿಂದಿನ ಪ್ರಿಫ್ರಂಟಲ್ ಭಾಗ. ನೆನಪನ್ನು ಜೋಡಿಸಿಟ್ಟು ಬೇಕಾದಾಗ ಹೊರತೆಗೆಯಲು ನೆರವಾಗುವುದು ಇದೇ. 8ರಿಂದ 24 ವರ್ಷದವರಿಗೆ ಚಿತ್ರಗಳನ್ನು ತೋರಿಸಿದ 2007ರ ಅಧ್ಯಯನದಲ್ಲಿ, ನೆನಪಿಟ್ಟುಕೊಳ್ಳುವ ಹೊತ್ತಿಗೆ ವಯಸ್ಸಿನೊಂದಿಗೆ ಹೆಚ್ಚು ಚುರುಕಾದದ್ದು ಈ ಭಾಗವೇ.

ಮನೆಯಲ್ಲಿ ಇದನ್ನು ಕಾಣಬಹುದು. ಏಳು ವರ್ಷದ ಮಗುವಿಗೆ ಬೆಲ್ಲ, ಸೂಜಿ, ಶೇಂಗಾ, ದಾರ, ಮೆಂತ್ಯಪಲ್ಯ, ಗುಂಡಿ ತಾ ಎಂದು ವಿಜಯಪುರದ ಸಂತೆಗೆ ಕಳಿಸಿದರೆ ಎರಡು ಬಿಟ್ಟುಬರುತ್ತದೆ. ‘ಹೊಲಿಗಿಗೆ ಏನೇನು ಹೇಳಿದ್ದೆವ್ವಾ?’ ಎಂದರೆ ಗುಂಡಿ ಥಟ್ಟನೆ ನೆನಪಾಗುತ್ತದೆ. ಅಂದರೆ ಗುಂಡಿ ಒಳಗೆ ಕೂತಿತ್ತು. ಅಡುಗೆಯದು, ಹೊಲಿಗೆಯದು ಎಂದು ತಾನೇ ಗುಂಪು ಮಾಡಿ ಹೊರತೆಗೆಯುವ ಜಾಣ್ಮೆ ಇನ್ನೂ ಬಂದಿರಲಿಲ್ಲ. ಹನ್ನೆರಡರ ಹೊತ್ತಿಗೆ ಬಹಳಷ್ಟು ಮಕ್ಕಳು ಹೇಳದೆಯೂ ಹಾಗೆ ಜೋಡಿಸಿಕೊಳ್ಳುತ್ತಾರೆ.

ಆದ್ದರಿಂದ ಚಿಕ್ಕವರಿಗೆ ‘ನೆನಪಿಟ್ಟುಕೋ’ ಎಂದು ಗದರಿಸಿ ಪ್ರಯೋಜನವಿಲ್ಲ. ಗುಂಪನ್ನು ನಾವೇ ಮಾಡಿ ಕೊಡಬೇಕು. ಪಾಠವನ್ನು ಪುಸ್ತಕ ಮುಚ್ಚಿ ಹೇಳಿಸಿ. ಮರುದಿನ ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಕೇಳಿ. ತಡವರಿಸಿದರೆ ಉತ್ತರದ ಬದಲು ಸುಳಿವು ಕೊಡಿ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ರಾತ್ರಿಯಿಡೀ ಓದಿಸಬೇಡಿ: ಹಗಲು ಕಲಿತದ್ದು ಗಟ್ಟಿಯಾಗುವ ಕೆಲಸ ನಿದ್ದೆಯಲ್ಲಿ ನಡೆಯುತ್ತದೆ.