ಹಂಗಾಮಿ ಕೋಚ್‌ಗೆ ಕಾಯಂ ಕೆಲಸ: ಕೊಡುವುದಾದರೆ ಯಾವಾಗ?

2018ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್‌ನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಕೋಚ್ ಜೋಸೆ ಮೌರಿನ್ಯೊ ಅವರನ್ನು ತೆಗೆದುಹಾಕಿತು. ಸೀಸನ್ ಮುಗಿಯುವ ತನಕ ತಂಡ ನೋಡಿಕೊಳ್ಳಲು ಕ್ಲಬ್‌ನ ಹಳೆಯ ಆಟಗಾರ ಓಲೆ ಗುನ್ನಾರ್ ಸೋಲ್ಶೇರ್ ಬಂದರು. ಮೊದಲ 8 ಪಂದ್ಯಗಳನ್ನೂ ಗೆದ್ದರು. ಮಾರ್ಚ್ 6ರಂದು ಪ್ಯಾರಿಸ್‌ನಲ್ಲಿ ಅಲ್ಲಿನ ಕ್ಲಬ್ ಪಿಎಸ್‌ಜಿಯನ್ನು 3-1ರಿಂದ ಸೋಲಿಸಿ, ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಿಂದಲೇ ಹೊರಗೆ ಹಾಕಿದರು. ಅದಕ್ಕೂ ಮೊದಲು ತವರಿನ ಪಂದ್ಯದಲ್ಲಿ ಯುನೈಟೆಡ್ ಅದೇ ಪಿಎಸ್‌ಜಿಗೆ 0-2ರಿಂದ ಸೋತಿತ್ತು. ಆ ರಾತ್ರಿಯ ನಂತರ 'ಇವರಿಗೇ ಕೆಲಸ ಕೊಡಿ' ಎಂಬ ಕೂಗು ಜೋರಾಯಿತು. ಮೂರು ವಾರದಲ್ಲಿ, ಮಾರ್ಚ್ 28ಕ್ಕೆ, ಮೂರು ವರ್ಷದ ಒಪ್ಪಂದ ಕೈಸೇರಿತು.

ಪ್ಯಾರಿಸ್ ಗೆಲುವಿಗೂ ಒಪ್ಪಂದಕ್ಕೂ ನಡುವೆ ಯುನೈಟೆಡ್ ಎರಡು ಪಂದ್ಯ ಆಡಿತ್ತು. ಆರ್ಸೆನಲ್ ಎದುರು ಸೋಲು, ವುಲ್ವ್ಸ್ ಎದುರೂ ಸೋಲು. ಗೆಲುವಿನ ಗುಂಗಿನಲ್ಲಿ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಹಂಗಾಮಿಯಾಗಿದ್ದಾಗ 19 ಪಂದ್ಯಗಳಲ್ಲಿ 14 ಗೆದ್ದವರು, ಕಾಯಂ ಆದ ಮೇಲೆ ಆ ಸೀಸನ್‌ನ ಉಳಿದ 10 ಪಂದ್ಯಗಳಲ್ಲಿ ಗೆದ್ದಿದ್ದು ಬರೀ 2. ಮುಂದೆ ಒಮ್ಮೆ ಲೀಗ್‌ನಲ್ಲಿ ಎರಡನೇ ಸ್ಥಾನ ತಂದುಕೊಟ್ಟರು, ನಿಜ. ಅವರು ಕೆಟ್ಟ ಕೋಚ್ ಆಗಿರಲಿಲ್ಲ. ಕ್ಲಬ್ ಅವಸರ ಮಾಡಿತು, ಅಷ್ಟೇ. 2021ರ ನವೆಂಬರ್‌ನಲ್ಲಿ ಅವರನ್ನೂ ತೆಗೆದರು.

ಹಂಗಾಮಿ ಕೋಚ್ ಬಂದ ಕೂಡಲೇ ತಂಡ ಗೆಲ್ಲುವುದಕ್ಕೆ ಕಾರಣಗಳಿವೆ. ಕೋಚ್‌ನ ತಲೆದಂಡ ಆಗುವುದೇ ತಂಡ ತೀರಾ ಕೆಳಗೆ ಬಿದ್ದಾಗ. ಅಲ್ಲಿಂದ ಯಾರು ಬಂದರೂ ಸ್ವಲ್ಪ ಮೇಲೇಳುವ ಸಾಧ್ಯತೆ ಜಾಸ್ತಿ. ಹಳೆಯ ಕೋಚ್ ಬೆಂಚಿನಲ್ಲಿ ಕೂರಿಸಿದ್ದ ಆಟಗಾರರಿಗೆ ಹೊಸ ಹುರುಪು ಬರುತ್ತದೆ. ಸೋಲ್ಶೇರ್ ಬಂದಾಗ ಪೋಲ್ ಪೊಗ್ಬಾ ಆಟ ಬದಲಾಗಿದ್ದು ಹೀಗೆಯೇ. ಯಾರನ್ನು ಮಾರಬೇಕು, ಯಾರನ್ನು ತರಬೇಕು ಎಂಬ ಕಹಿ ಕೆಲಸವೂ ಹಂಗಾಮಿಯ ತಲೆ ಮೇಲೆ ಇರುವುದಿಲ್ಲ.

ಯುನೈಟೆಡ್‌ಗೆ ಪಾಠ ಕಣ್ಣೆದುರೇ ಇತ್ತು. 2012ರ ಮಾರ್ಚ್‌ನಲ್ಲಿ ಇಂಗ್ಲೆಂಡ್‌ನದೇ ಚೆಲ್ಸಿ ಕ್ಲಬ್‌ನ ಹೊಣೆಯನ್ನು ಹಂಗಾಮಿಯಾಗಿ ಹೊತ್ತ ರಾಬರ್ಟೊ ಡಿ ಮಟೆಯೊ ಎಫ್‌ಎ ಕಪ್ ಗೆದ್ದರು. ಮ್ಯೂನಿಕ್‌ನಲ್ಲಿ ಜರ್ಮನಿಯ ಬಯರ್ನ್ ಎದುರು ಚಾಂಪಿಯನ್ಸ್ ಲೀಗ್ ಕೂಡ ಗೆದ್ದರು. ಅಂಥವರಿಗೆ ಕೆಲಸ ಕೊಡದೆ ಇರೋಕಾಗುತ್ತಾ? ಕೊಟ್ಟರು. ಆದರೆ ಕಪ್ ಗೆದ್ದ ಅದೇ ಸೀಸನ್‌ನಲ್ಲಿ ಚೆಲ್ಸಿ ಲೀಗ್‌ನಲ್ಲಿ 6ನೇ ಸ್ಥಾನದಲ್ಲಿತ್ತು. ನವೆಂಬರ್‌ನಲ್ಲಿ ಯುವೆಂಟಸ್ ಎದುರು 0-3ರಿಂದ ಸೋತ ಬೆನ್ನಿಗೇ ಅವರ ಕೆಲಸ ಹೋಯಿತು.

ಇನ್ನು ಬಯರ್ನ್ ಏನು ಮಾಡಿತು ನೋಡಿ. 2019ರ ನವೆಂಬರ್‌ನಲ್ಲಿ ನಿಕೊ ಕೊವಾಚ್ ಹೋದಾಗ ಸಹಾಯಕರಾಗಿದ್ದ ಹಾನ್ಸಿ ಫ್ಲಿಕ್ ಹಂಗಾಮಿ ಕೋಚ್ ಆದರು. ಮೊದಲು ಗೆದ್ದರು, ಆಮೇಲೆ ಲೀಗ್‌ನಲ್ಲಿ ಸಾಲಾಗಿ ಎರಡು ಪಂದ್ಯ ಸೋತರು. ಕ್ಲಬ್ ಗಾಬರಿಯಾಗಲಿಲ್ಲ. ಡಿಸೆಂಬರ್‌ನಲ್ಲಿ ಸೀಸನ್ ಕೊನೆಯವರೆಗೆ ಎಂದಿತು. ಏಪ್ರಿಲ್‌ನಲ್ಲಿ 2023ರವರೆಗೆ ಒಪ್ಪಂದ ಮಾಡಿಕೊಂಡಿತು. ಆಗಸ್ಟ್‌ನಲ್ಲಿ ಕ್ವಾರ್ಟರ್‌ಫೈನಲ್‌ನಲ್ಲಿ ಬಾರ್ಸಿಲೋನಾವನ್ನು 8-2ರಿಂದ ಹೊಡೆದು, ಮುಂದೆ ಚಾಂಪಿಯನ್ಸ್ ಲೀಗ್ ಕಪ್ಪನ್ನೂ ಎತ್ತಿತು. ಅರ್ಜೆಂಟೀನಾದ ಲಿಯೊನೆಲ್ ಸ್ಕಲೋನಿಯದೂ ಇಂಥದ್ದೇ ಕತೆ. 2018ರಲ್ಲಿ ಹಂಗಾಮಿಯಾಗಿ ಬಂದಾಗ ಅವರು ಹಿರಿಯರ ಯಾವ ತಂಡಕ್ಕೂ ಮುಖ್ಯ ಕೋಚ್ ಆಗಿದ್ದವರಲ್ಲ. 2019ರ ಕೋಪಾ ಅಮೆರಿಕಾ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಎದುರು ಸೋತರು. ಆದರೂ ಉಳಿಸಿಕೊಂಡರು. 2022ರಲ್ಲಿ ವಿಶ್ವಕಪ್ ಬಂತು.

ನನ್ನ ಮಟ್ಟಿಗೆ ಇಲ್ಲಿರುವ ವ್ಯತ್ಯಾಸ ಇದು: ಬಯರ್ನ್ ಮತ್ತು ಅರ್ಜೆಂಟೀನಾ ತಮ್ಮ ಕೋಚ್ ಸೋತಾಗ ಹೇಗೆ ತಂಡ ಕಟ್ಟುತ್ತಾರೆ ಎಂದು ನೋಡಿ ನಿರ್ಧರಿಸಿದವು.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖ ಇದೆ. ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಬಹಳ ಕಾಲ ಭಾರತೀಯ ಕೋಚ್‌ಗಳಿಗೆ ಸಿಗುತ್ತಿದ್ದುದೇ ಹಂಗಾಮಿ ಕುರ್ಚಿ. 2021ರ ಜನವರಿಯಲ್ಲಿ ಬೆಂಗಳೂರು ಎಫ್‌ಸಿ ಕಾರ್ಲೆಸ್ ಕ್ವಾಡ್ರಾಟ್ ಅವರನ್ನು ಬಿಟ್ಟಾಗ ನೌಶಾದ್ ಮೂಸಾ ತಂಡ ನಡೆಸಿದರು. ಮುಂದಿನ ಕಾಯಂ ಕೋಚ್ ಜರ್ಮನಿಯ ಮಾರ್ಕೊ ಪೆಜ್ಜೈವೊಲಿ. 2023ರ ಡಿಸೆಂಬರ್‌ನಲ್ಲಿ ಸೈಮನ್ ಗ್ರೇಸನ್ ಹೋದಾಗ ಜವಾಬ್ದಾರಿ ರೆನೆಡಿ ಸಿಂಗ್ ಪಾಲಿಗೆ ಬಂತು. ಆಮೇಲೆ ಬಂದವರು ಸ್ಪೇನ್‌ನ ಜೆರಾರ್ಡ್ ಝರಾಗೋಝಾ.

ಈ ಸಾಲನ್ನು ಮುರಿದವರು ಖಾಲಿದ್ ಜಮೀಲ್. ಸಣ್ಣ ಬಜೆಟ್‌ನ ಐಜ್ವಾಲ್ ತಂಡಕ್ಕೆ 2017ರಲ್ಲಿ ಐ-ಲೀಗ್ ಎಂಬ ರಾಷ್ಟ್ರೀಯ ಲೀಗ್ ಗೆದ್ದುಕೊಟ್ಟವರು. 2021ರ ಜನವರಿಯಲ್ಲಿ ನಾರ್ತ್‌ಈಸ್ಟ್ ಯುನೈಟೆಡ್‌ಗೆ ಹಂಗಾಮಿಯಾದರು. ಲೀಗ್ ಹಂತ ಮುಗಿಯುವ ತನಕ ಒಂದೂ ಪಂದ್ಯ ಸೋಲದೆ ತಂಡವನ್ನು ಸೆಮಿಫೈನಲ್‌ಗೆ ಒಯ್ದರು. ಅಕ್ಟೋಬರ್‌ನಲ್ಲಿ ಅವರನ್ನು ಕಾಯಂ ಮಾಡಿದಾಗ, ಐಎಸ್‌ಎಲ್‌ನಲ್ಲಿ ಪೂರ್ಣಾವಧಿ ಮುಖ್ಯ ಕೋಚ್ ಆದ ಮೊದಲ ಭಾರತೀಯ ಎನಿಸಿಕೊಂಡರು. ಮುಂದಿನ ಸೀಸನ್‌ನಲ್ಲಿ ತಂಡ 11ರಲ್ಲಿ 10ನೇ ಸ್ಥಾನಕ್ಕೆ ಕುಸಿಯಿತು.

ಅಂದರೆ ಕಾಯಂ ಮಾಡಿದ್ದೇ ತಪ್ಪಾ? ನಾನು ಒಪ್ಪುವುದಿಲ್ಲ. ಒಂದು ಕೆಟ್ಟ ಸೀಸನ್ ಆದ ವಿದೇಶಿ ಕೋಚ್‌ಗೆ ಇನ್ನೊಂದು ಬಾಗಿಲು ಬೇಗ ತೆರೆಯುತ್ತದೆ. ಜಮೀಲ್‌ಗೆ ಐಎಸ್‌ಎಲ್‌ನಲ್ಲಿ ಮತ್ತೆ ಮುಖ್ಯ ಕೋಚ್ ಕೆಲಸ ಸಿಕ್ಕಿದ್ದು 2023ರ ಕೊನೆಗೆ, ಜಮ್ಶೆಡ್‌ಪುರದಲ್ಲಿ. ಆ ತಂಡವನ್ನೂ ಅವರು 2025ರಲ್ಲಿ ಸೆಮಿಫೈನಲ್‌ಗೆ ಮುಟ್ಟಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಭಾರತ ತಂಡದ ಮುಖ್ಯ ಕೋಚ್ ಆದರು.